ಒಂದು ಕುಬಸಕ್ಕಾಗುವಷ್ಟು ಬಟ್ಟೆ

ನಮ್ಮ ಮನೆಯ ಕಪಾಟಿನ ತೀರ ಮೇಲಿನ ಅರೆಯಲ್ಲಿ ಬಿಸ್ಕೀಟಿನದೊಂದು ದೊಡ್ಡ ತಗಡಿನ ಡಬ್ಬಿ ಇದೆ. ಮನೆಗೆ ಬಂದ ಮಕ್ಕಳು ಆಸೆಯಿಂದ ಮುಚ್ಚಳ ತೆಗೆದು ನಿರಾಶರಾಗುತ್ತಾರೆ. ಒಳಗಿರುವುದು ಬಿಸ್ಕೀಟಲ್ಲ, ಬ್ಲೌಸ್ ಪೀಸುಗಳು. ಪುಣೆಯಲ್ಲಿ ಸಂಸಾರ ಹೂಡಿದಂದಿನಿಂದ ಅರಿಷಿಣ-ಕುಂಕುಮ, ಸತ್ಯನಾರಾಯಣ ಪೂಜೆ, ಗೃಹಪ್ರವೇಶ, ಲಗ್ನ, ತೊಟ್ಟಿಲ ಕಾರ್ಯ ಎಂದು ಹೋದಲ್ಲೆಲ್ಲ ನನಗೆ ಸಂದ ಆಸ್ತಿ ಅದು. ಹೊಲಿಸಿಕೊಂಡದ್ದು ನಾಲ್ಕೋ ಐದೋ ಇರಬೇಕು. ಉಳಿದವು ಬಂದ ದಾರಿಯಲ್ಲೇ ಇನ್ನೊಬ್ಬರ ಮನೆಗೆ ಹೊರಟುಹೋಗುತ್ತವೆ.

ನಾನು ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಬಹಳ ವರ್ಷ ಆವಕ-ಜಾವಕ ವಿಭಾಗದಲ್ಲೇ ಕೂತವಳು. ಕೂತಲ್ಲಿಯ ಅಭ್ಯಾಸ ಮನೆಗೂ ಬರುತ್ತದಷ್ಟೆ? ಒಮ್ಮೆ, 2011ರಲ್ಲಿ, ಗಿಳಿಹಸಿರು ಬಣ್ಣದ ಪೀಸೊಂದರ ಮೂಲೆಯಲ್ಲಿ ಕಾಣಿಸದ ಹಾಗೆ ಪೆನ್ಸಿಲಿನಿಂದ ತಾರೀಖು ಬರೆದು ಗೆಳತಿಯೊಬ್ಬಳಿಗೆ ಕೊಟ್ಟೆ. ಮೂರು ವರ್ಷದ ಮೇಲೆ, ಆ ಗೆಳತಿಗೆ ಪರಿಚಯವೇ ಇಲ್ಲದ ಮನೆಯೊಂದರ ಪೂಜೆಯಲ್ಲಿ ತೆಂಗಿನಕಾಯಿಯ ಜತೆ ಅದೇ ಪೀಸು ನನ್ನ ಉಡಿಗೆ ಬಿತ್ತು, ತಾರೀಖು ಅಳಿಸಿರಲಿಲ್ಲ. ಬಿ.ಎಸ್ಸಿ.ಯಲ್ಲಿ ದ್ರವ್ಯನಿತ್ಯತೆಯ ನಿಯಮ ಓದಿದ್ದೆ: ದ್ರವ್ಯವನ್ನು ಸೃಷ್ಟಿಸಲಾಗದು, ನಾಶಮಾಡಲಾಗದು. ಬ್ಲೌಸ್ ಪೀಸಿಗೂ ಅದು ಅನ್ವಯಿಸುತ್ತದೆ ಎಂಬುದು ಅಂದು ಪ್ರಯೋಗದಿಂದ ಸಿದ್ಧವಾಯಿತು.

ಓದುಗ ಸೋದರಿಯರು ನಗುತ್ತಿರಬಹುದು. ನಿಮ್ಮ ಕಪಾಟಿನಲ್ಲೂ ಇಂಥದೊಂದು ಡಬ್ಬಿ ಇದ್ದೇ ಇದೆ. ಆದರೆ ನಾನು ಹೇಳಹೊರಟದ್ದು ನಗುವ ಮಾತಷ್ಟೇ ಅಲ್ಲ. ಆ ಡಬ್ಬಿಯ ತಳದಲ್ಲಿ ಒಂದು ಬಟ್ಟೆ ಹದಿನೈದು ವರ್ಷ ಯಾರಿಗೂ ಹೋಗದೆ, ಹೊಲಿಗೆಯನ್ನೂ ಕಾಣದೆ ಉಳಿದಿತ್ತು. ಅದರ ಕತೆಗೆ ಬರುವ ಮೊದಲು ಕುಬಸದ ಕತೆಯನ್ನು ಕೊಂಚ ಹೇಳಬೇಕು.

ನಮ್ಮ ಬಾಗಲಕೋಟೆಯ ಕಡೆ ಬ್ಲೌಸಿಗೆ ಕುಬಸ ಎನ್ನುತ್ತಾರೆ. ಮೈಸೂರಿನ ಕಡೆಯವರಿಗೆ ಅದು ರವಿಕೆ. ನಮ್ಮ ಅತ್ತೆಯ ಕಾಲದವರಿಗೆ ಜಂಪರು. ಇಲ್ಲಿಯ ಮರಾಠಿ ನೆರೆಯವರಿಗೆ ಚೋಳಿ. ಹೆಸರುಗಳಲ್ಲಿ ಇಂಗ್ಲಿಷಿನವು ಹೊಸವು, ಕುಬಸ ಹಾಗಲ್ಲ. ಕುಬಸ ಎಂದರೆ ಕುಪ್ಪಸ, ಕುಪ್ಪಸ ಎಂದರೆ ಸಂಸ್ಕೃತದ ಕೂರ್ಪಾಸಕ. ಅಮರಕೋಶದಲ್ಲಿ ಚೋಲ ಮತ್ತು ಕೂರ್ಪಾಸಕ ಎರಡೂ ಒಟ್ಟಿಗೇ ಬರುತ್ತವೆ. ಅಜಂತದ ಗೋಡೆಗಳ ಮೇಲೆ ರಾಣಿಯರು ಬರಿಮೈಯಲ್ಲಿ ಒಡವೆ ತೊಟ್ಟು ಕೂತಿದ್ದರೆ, ಅವರ ಸೇವೆಗೆ ನಿಂತ ಕೆಲವು ಹೆಂಗಸರು ತೋಳುಳ್ಳ ಹೊಲಿದ ಮೇಲಂಗಿ ತೊಟ್ಟಿದ್ದಾರೆ. ಅಂದರೆ ಆ ಕಾಲದಲ್ಲಿ ಹೊಲಿದ ಬಟ್ಟೆ ದೊಡ್ಡಸ್ತಿಕೆಯ ಗುರುತಾಗಿರಲಿಲ್ಲ.

ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಅದು ತಿರುಗುಮುರುಗಾಯಿತು. ತಿರುವಾಂಕೂರಿನಲ್ಲಿ ಕೆಳಗಿನವರೆನಿಸಿಕೊಂಡ ಜಾತಿಗಳ ಹೆಂಗಸರು ಎದೆ ಮುಚ್ಚಿಕೊಳ್ಳುವುದೇ ಅಪರಾಧವಾಗಿತ್ತು. ನಾಡಾರ್ ಹೆಂಗಸರು ದಶಕಗಳ ಕಾಲ ಹೊಡೆತ ತಿಂದು, ಮೈಮೇಲಿನ ಬಟ್ಟೆ ಹರಿಸಿಕೊಂಡು ಹೋರಾಡಿದ ಮೇಲೆ 1859ರಲ್ಲಿ ಅಲ್ಲಿಯ ಮಹಾರಾಜರ ಆಜ್ಞೆ ಹೊರಟಿತು. ಅದರಲ್ಲೂ ಒಂದು ಕೊಕ್ಕೆ ಉಳಿಸಿದ್ದರು: ಮೈ ಮುಚ್ಚಬಹುದು, ಮೇಲ್ಜಾತಿಯವರಂತೆ ಮೇಲುವಸ್ತ್ರ ಹೊದೆಯಬಾರದು. ಒಂದು ಮೊಳ ಬಟ್ಟೆ ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ಬೇರೆಯವರು ತೀರ್ಮಾನಿಸುವ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಈ ಮಾತನ್ನು ಓದುಗರು ನೆನಪಿಡಬೇಕು.

ಅದೇ ದಶಕದ ಆಚೆಗೆ ಮುಂಬಯಿಯಲ್ಲಿ ಇನ್ನೊಂದು ಸಂಗತಿ ನಡೆಯಿತು. ಐ.ಸಿ.ಎಸ್. ಪಾಸಾದ ಮೊದಲ ಭಾರತೀಯರಾದ ಸತ್ಯೇಂದ್ರನಾಥ ಟಾಗೋರರು 1864ರಲ್ಲಿ ಮುಂಬಯಿ ಪ್ರಾಂತಕ್ಕೆ ನೇಮಕವಾಗಿ ಬಂದರು. ಅವರ ಹೆಂಡತಿ ಜ್ಞಾನದಾನಂದಿನಿ ದೇವಿ ಅಂತಃಪುರದಿಂದ ಹೊರಬಂದ ತರುಣಿ. ಬಂಗಾಲದ ಮನೆಯೊಳಗೆ ಒಂಟಿ ಸೀರೆ ಸಾಕಾಗುತ್ತಿತ್ತು. ಹೊರಗೆ ನಾಲ್ಕು ಜನರ ನಡುವೆ ಸಾಲದು. ಮುಂಬಯಿಯ ಪಾರಸಿ ಹೆಂಗಸರು ಸೀರೆ ಉಡುವ ಬಗೆಯನ್ನು ನೋಡಿ, ತನಗೆ ಬೇಕಾದಂತೆ ತಿದ್ದಿ, ಒಳಗೆ ಲಂಗ, ಮೇಲೆ ರವಿಕೆ ತೊಟ್ಟು ಕಲಕತ್ತೆಗೆ ಒಯ್ದಳು. ಅಲ್ಲಿ ಇತರ ಹೆಂಗಸರಿಗೂ ಕಲಿಸಿದಳು. ನಾವು ಇಂದು ಆಫೀಸಿಗೆ ಉಟ್ಟು ಹೋಗುವ ಸೀರೆಯ ಮಾದರಿಗೆ ಆ ಹೆಣ್ಣುಮಗಳ ಋಣವಿದೆ. ಇದೇ ಸತ್ಯೇಂದ್ರನಾಥರು ಮುಂದೆ ನಮ್ಮ ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದರು. ತಮ್ಮ ರವೀಂದ್ರರು ಅಲ್ಲಿಗೆ ಬಂದು ತಂಗಿದ್ದರಿಂದಲೇ ಅಲ್ಲಿಯ ಕಡಲತೀರಕ್ಕೆ ರವೀಂದ್ರರ ಹೆಸರು.

ಮೂರನೆಯ ಸಂಗತಿ ಪುಣೆಯವರಿಗೆ ಹತ್ತಿರದ್ದು. ರಾಜಾ ರವಿವರ್ಮರು 1894ರಲ್ಲಿ ಮುಂಬಯಿಯಲ್ಲಿ ತೆರೆದ ಚಿತ್ರದ ಛಾಪಖಾನೆ ಕೆಲವೇ ವರ್ಷಗಳಲ್ಲಿ ಲೋಣಾವಳಾ ಬಳಿಯ ಮಳವಲಿಗೆ ಬಂದಿತು. ಲೋಣಾವಳಾ ಲೋಕಲ್ಲಿನಲ್ಲಿ ಹೋದವರಿಗೆ ಆ ಚಿಕ್ಕ ಸ್ಟೇಶನ್ನು ಗೊತ್ತು. ಅಲ್ಲಿಂದ ಸೀರೆ ಉಟ್ಟು ರವಿಕೆ ತೊಟ್ಟ ಲಕ್ಷ್ಮಿ, ಸರಸ್ವತಿಯರು ದೇಶದ ಮನೆಮನೆಗೆ ಹೋದರು. ದೇವಿಯೇ ತೊಟ್ಟ ಮೇಲೆ ರವಿಕೆಗೆ ಇನ್ನಾರ ಅಪ್ಪಣೆ ಬೇಕು? ಆಮೇಲಿನದು ಫ್ಯಾಷನ್ನಿನ ಲೆಕ್ಕ. 1890ರ ದಶಕದ ಇಂಗ್ಲೆಂಡಿನ ಉಬ್ಬುತೋಳು ನಮ್ಮವರ ಹಳೆಯ ಫೋಟೋಗಳಲ್ಲೂ ಉಬ್ಬಿ ಕೂತಿದೆ. ತೋಳು ಮೊಳಕೈಗೆ ಇಳಿಯಿತು, ಭುಜಕ್ಕೆ ಏರಿತು, ಪೂರ್ತಿ ಮಾಯವಾಯಿತು, ಮತ್ತೆ ಬಂದಿತು. ಕಟೋರಿ, ಪ್ರಿನ್ಸೆಸ್ ಕಟ್, ಬೋಟ್ ನೆಕ್ ಎಂದು ಟೇಲರುಗಳ ಭಾಷೆ ಬೆಳೆಯಿತು. 80 ಸೆಂಟಿಮೀಟರಿನ ಪೀಸು ತೆಗೆದುಕೊಂಡು ಹೋದರೆ "ಮೇಡಂ, ಒಂದು ಮೀಟರಾದರೂ ಬೇಕು" ಎನ್ನುವ ಕಾಲ ಬಂದಿತು.

ಇನ್ನು ನಮ್ಮೂರಿನ ಮಾತು. ನಾನು ಗುಳೇದಗುಡ್ಡದವಳು. ಇಳಕಲ್ಲ ಸೀರೆಗೆ ಇಳಕಲ್ಲ ಹೇಗೋ, ಕುಬಸದ ಖಣಕ್ಕೆ ಗುಳೇದಗುಡ್ಡ ಹಾಗೆ. ಖಣ ಎಂದರೆ ಒಂದು ಕುಬಸಕ್ಕಾಗುವಷ್ಟು ಬಟ್ಟೆ, ಅಳತೆಯೇ ಹೆಸರಾಗಿದೆ. ಅಗಲ ಒಂದು ಗಜಕ್ಕಿಂತ ಕೊಂಚ ಕಡಿಮೆ, ಎರಡೂ ಬದಿಗೆ ಅಂಚು, ನಡುವೆ ಸಣ್ಣ ಸಣ್ಣ ಬುಟ್ಟಾಗಳು. ಸೂರ್ಯನಾರಾಯಣ, ಆನೆಹೆಜ್ಜೆ, ತೇರು, ತೊಟ್ಟಿಲು, ರುದ್ರಾಕ್ಷಿ, ಸಿದ್ದೇಶ್ವರ ಮುಕುಟ ಎಂದು ಅವಕ್ಕೆ ಹೆಸರು. ಈ ಬುಟ್ಟಾ ಮೇಲಿನಿಂದ ಹಾಕಿದ ಕಸೂತಿಯಲ್ಲ. ಹಾಸಿನಲ್ಲೇ ಹೆಚ್ಚಿನ ಎಳೆ ಸೇರಿಸಿ, ಹೊಕ್ಕು ಹಾಯುವಾಗ ಅವನ್ನು ಎತ್ತಿ ಇಳಿಸಿ ಮೂಡಿಸಿದ್ದು. ಮಾರುವಾಗ ತ್ರಿಕೋನವಾಗಿ ಮಡಚಿ ಕೊಡುತ್ತಾರೆ. ಇದಕ್ಕೆ ಸರಕಾರದ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಪುಣೆಯ ಲಕ್ಷ್ಮಿ ರಸ್ತೆಯಲ್ಲಿ ಖಣದ ಹೆಸರಿನಲ್ಲಿ ಮೀಟರುಗಟ್ಟಲೆ ಮಾರುವ ಬಟ್ಟೆಯೆಲ್ಲ ಆ ಕೈಮಗ್ಗದ್ದಲ್ಲ. ಅದರಲ್ಲಿ ಚೀಲ, ತೋರಣ, ಪುಸ್ತಕದ ಹೊದಿಕೆ ಎಲ್ಲ ಆಗುತ್ತವೆ. ಆಗಲಿ, ನನಗೆ ಕೋಪವಿಲ್ಲ.

ಖಣ ತೊಡುವುದರಲ್ಲಿ ಒಂದು ದೊಡ್ಡ ಅನುಕೂಲವಿದೆ: ಮ್ಯಾಚಿಂಗ್ ಸೆಂಟರಿಗೆ ಅಲೆಯಬೇಕಿಲ್ಲ. ಹಸಿರು ಇಳಕಲ್ಲಿಗೆ ಕೆಂಪು ಖಣ, ಕಪ್ಪು ಚಂದ್ರಕಾಳಿಗೂ ಅದೇ ಕೆಂಪು ಖಣ. ಸೀರೆಯ ಬಣ್ಣದೊಡನೆ ಹೊಂದುವುದು ಅದರ ಕೆಲಸವಲ್ಲ, ಎದುರು ನಿಲ್ಲುವುದು ಅದರ ಚೆಂದ.

ನಮ್ಮ ಅಪ್ಪ ಖಣ ನೇಯುತ್ತಿದ್ದರು. ನಡುಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ಅವ್ವ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯ ಸದ್ದಿನಲ್ಲೇ ನಾನು ಪಾಠ ಓದಿದ್ದು. ನೇಯ್ದ ಖಣ ಪೇಟೆಗೆ ಹೋಗಿ, ಅಲ್ಲಿಂದ ಮಹಾರಾಷ್ಟ್ರದವರೆಗೆ ಹೋಗುತ್ತಿತ್ತು. ನಮ್ಮಲ್ಲಿ ಉಡಿ ತುಂಬುವುದಕ್ಕೂ ಇಲ್ಲಿಯವರ ಓಟಿ ಭರಣೆಗೂ ಖಣವೇ ಬೇಕು. ನಮ್ಮ ಕಡೆ ಬಸುರಿಗೆ ಮಾಡುವ ಕಾರ್ಯದ ಹೆಸರೇ 'ಕುಬಸ'. 2008ರಲ್ಲಿ ನನ್ನ ಕುಬಸಕ್ಕೆಂದು ಅಪ್ಪ ತಾವೇ ಒಂದು ಖಣ ನೇಯ್ದು ತಂದರು: ಹಸಿರು ಮೈ, ಕೆಂಪಂಚು, ತೊಟ್ಟಿಲ ಬುಟ್ಟಾ. ಡಬ್ಬಿಯ ತಳದಲ್ಲಿ ಉಳಿದ ಬಟ್ಟೆ ಅದೇ. ಚೆಂದದ್ದೆಂದು ಆಗ ಹೊಲಿಸಲಿಲ್ಲ. ಆಮೇಲೆ ಹೊಲಿಸಲು ಮನಸ್ಸಾಗಲಿಲ್ಲ. ಅಪ್ಪ 2017ರಲ್ಲಿ ತೀರಿಕೊಂಡರು. ಮರುವರ್ಷ ಅವ್ವನನ್ನು ಪುಣೆಗೆ ಕರೆತಂದೆ.

ಪುಣೆಗೆ ಬಂದ ಅವ್ವನ ಟ್ರಂಕಿನಲ್ಲಿ ಒಂದೂ ಖಣದ ಕುಬಸವಿರಲಿಲ್ಲ. ಹದಿನಾರೋ ಹದಿನೇಳೋ ಇದ್ದವು. ಅಪ್ಪ ಹೋದ ಹದಿಮೂರನೆಯ ದಿನಕ್ಕೇ ಓಣಿಯವರಿಗೆ ಹಂಚಿಬಿಟ್ಟಿದ್ದಳಂತೆ. ಈಗ ತೊಡುವುದು ಬೂದಿ, ಕಂದು ಬಣ್ಣದ ಸಾದಾ ಪಾಪ್ಲಿನ್ನು. ತನ್ನ ಚಿಕ್ಕಂದಿನಲ್ಲಿ ಓಣಿಯ ತುದಿಯ ಮನೆಯಲ್ಲಿ ಕೆಂಪು ಸೀರೆಯ ಮಡಿ ಅಜ್ಜಿಯೊಬ್ಬಳು ಕುಬಸವೇ ಇಲ್ಲದೆ ಜೀವ ಸವೆಸಿದ್ದನ್ನು ನೋಡಿದವಳು ಅವ್ವ. "ಆಕೀ ಮುಂದ ನಂದೇನ ದೊಡ್ಡದವಾ" ಎಂದಳು. ನಾನೂ ಸುಮ್ಮನಾದೆ.

2023ರಲ್ಲಿ ಅವ್ವನ ಬಲಭುಜ ಹಿಡಿದುಕೊಂಡಿತು. ಕೈ ಕಿವಿಯ ಮಟ್ಟಕ್ಕೂ ಏಳದು. ವ್ಯಾಯಾಮ ಮಾಡಿಸಿರೆಂದು ಡಾಕ್ಟರರೇನೋ ಹೇಳಿದರು, ಆದರೆ ಬ್ಲೌಸು ಬಿಡಬೇಕಲ್ಲ? ಟೇಲರು ಹೊಲಿದುಕೊಟ್ಟದ್ದು ಕಂಕುಳಲ್ಲಿ ಬಿಗಿ. ಸಡಿಲ ಮಾಡಿ ಎಂದರೆ ಸುತ್ತಲೂ ಸಡಿಲ ಮಾಡಿದರು. ಕಂಕುಳ ಬಿಗಿ ಹಾಗೆಯೇ ಉಳಿಯಿತು. ಅವ್ವನಿಗೆ ಸಿಟ್ಟು ಬಂದಿತು. "ಹೆಣ್ಮಕ್ಕಳು ತೋಳ ಎತ್ತೂದಿಲ್ಲಂತ ಇವಗ ಯಾರ ಹೇಳ್ಯಾರ?" ಎಂದು, ಎಡಗೈಯಲ್ಲೇ ಹೊಲಿಗೆ ಬಿಚ್ಚಲು ಕೂತಳು.

ಅಂದು ಅವ್ವ ಹೇಳಿದ್ದನ್ನು ನಾನು ಕಾಗದದ ಮೇಲೆ ಗುರುತು ಹಾಕಿಕೊಂಡೆ. ಹಳೆಯ ಕುಬಸಕ್ಕೆ ಟೇಪು ಇರಲಿಲ್ಲ; ಗೇಣು, ಬೆರಳುಗಳ ಲೆಕ್ಕ. ಒಂದು ಬದಿಯ ಅಂಚು ತೋಳಿಗೆ, ಇನ್ನೊಂದು ಬದಿಯದು ಕೆಳಗಿನ ಪಟ್ಟಿಗೆ. ಬೆನ್ನಿಗೊಂದು ತುಂಡು, ಮುಂದೆ ಎರಡು, ತೋಳು ಎರಡು. ಇಷ್ಟನ್ನು ತೆಗೆದ ಮೇಲೆ ಉಳಿಯುವ ಮೂಲೆಗಳನ್ನು ಬಿಸಾಡುವುದಿಲ್ಲ. ಅವೇ ತ್ರಿಕೋನದ ತುಂಡುಗಳಾಗಿ ಕಂಕುಳಿಗೆ ಹೋಗುತ್ತವೆ. ಅಲ್ಲಿದೆ ಜಾಣತನ. ಬಟ್ಟೆ ಹಾಸಿನ ನೇರಕ್ಕೂ ಹೊಕ್ಕಿನ ನೇರಕ್ಕೂ ಹಿಗ್ಗದು. ಓರೆಯಾಗಿ ಎಳೆದರೆ ಹಿಗ್ಗುತ್ತದೆ. ಓರೆಯಾಗಿ ಕೂತ ಆ ಚೂರು ತೋಳಿನೊಡನೆ ಏಳುತ್ತದೆ, ಇಳಿಯುತ್ತದೆ. ಕುಬಸ ಮೇಲೆ ಸರಿಯುವುದಿಲ್ಲ. ಮುಂದೆ ಹುಕ್ಕಿನ ಬದಲು ಎರಡು ತುದಿ ಸೇರಿಸಿ ಗಂಟು. ಬಸುರಿಯಾದರೆ ಗಂಟು ಸಡಿಲ, ಬಾಣಂತಿಗೆ ಹಾಲೂಡಿಸಲು ಅನುಕೂಲ. ರೊಟ್ಟಿ ಬಡಿಯುವ, ನೀರು ಹೊರುವ, ಕಂಡಿಕೆ ಸುತ್ತುವ ಹೆಂಗಸಿಗಾಗಿ ಕತ್ತರಿಸಿದ ಬಟ್ಟೆ ಅದು. ಕನ್ನಡಿಯ ಮುಂದೆ ನಿಂತಾಗ ಸರಿಯಿದ್ದು ಬಸ್ಸಿನ ಕಂಬಿ ಹಿಡಿದಾಗ ಕೈಕೊಡುವ ನನ್ನ ಬ್ಲೌಸುಗಳು ನೆನಪಾದವು.

ಕಂಕುಳಿಗೆ ಹಾಕಲು ಗಟ್ಟಿ ಬಟ್ಟೆ ಬೇಕೆಂದಳು. ಡಬ್ಬಿ ಇಳಿಸಿದೆ. ಎಲ್ಲ ಹರಡಿದಾಗ ತಳದಿಂದ ಅಪ್ಪನ ಖಣ ಬಂದಿತು. ನಾನು ಹಿಂದೆಮುಂದೆ ನೋಡದೆ, "ಯವ್ವಾ, ತುಂಡು ಯಾಕ, ಇದರಾಗ ನಿನಗ ಒಂದು ಕುಬಸಾನ ಹೊಲಕೊ" ಎಂದೆ. ಅವ್ವ ಬಟ್ಟೆಯನ್ನು ಮುಟ್ಟಿ ನೋಡಿದಳು. ಬೆರಳಿನಿಂದ ತೊಟ್ಟಿಲ ಸಾಲು ಎಣಿಸಿದಳು. ಆಮೇಲೆ ಕೈ ಹಿಂದೆ ತೆಗೆದಳು.

"ನನಗ್ಯಾಕವಾ? ನಿನ್ನ ಉಡೀದು ಅದು. ಮಗಳಿಗೆ ಆಕ್ಕೈತಿ, ಇಡು."

ಅಂದು ನನಗೆ ನಿದ್ದೆ ಬರಲಿಲ್ಲ. ಅಪ್ಪ ನೇಯ್ದ ಖಣ ಎಷ್ಟು ಸಾವಿರ ಹೆಂಗಸರ ಉಡಿಗೆ ಹೋಗಿರಬೇಕೋ. ಆ ನೂಲಿಗೆ ಕಂಡಿಕೆ ಸುತ್ತಿದವಳ ಉಡಿಗೆ ಮಾತ್ರ ಅದು ಸಲ್ಲದು. ಕಾರಣ, ನೇಯ್ದವನು ಸತ್ತಿದ್ದಾನೆ. ಇದನ್ನು ಅವ್ವನಿಗೆ ಹೇಳಿಕೊಟ್ಟವರು ಯಾರೋ ಊರವರೆಂದು ದೂರುವಂತಿರಲಿಲ್ಲ. ಪುಣೆಗೆ ಬಂದ ಮೇಲೆ ಐದು ಸಂಕ್ರಾಂತಿಗಳಲ್ಲಿ ನನ್ನ ಮನೆಯಲ್ಲೇ ಅರಿಷಿಣ-ಕುಂಕುಮ ನಡೆದಿತ್ತು. ಎಳ್ಳು-ಬೆಲ್ಲದ ಪೊಟ್ಟಣ ಕಟ್ಟಿದವಳು ಅವ್ವ. ಹೆಂಗಸರು ಬರುವ ಹೊತ್ತಿಗೆ ತಾನಾಗಿ ಎದ್ದು ಒಳಗೆ ಹೋಗುತ್ತಿದ್ದವಳೂ ಅವ್ವ. ಐದು ಸಲವೂ "ಕೂತುಕೊ" ಎನ್ನದವಳು ನಾನು. ತಿರುವಾಂಕೂರಿನ ಕತೆಯನ್ನು ಓದಿ ಮರುಗಿದ ಬಿ.ಎಸ್ಸಿ. ಪದವೀಧರೆ!

ಹಿಂದಿನ ವರ್ಷ, 2022ರ ಮೇ ತಿಂಗಳಲ್ಲಿ, ಕೊಲ್ಲಾಪುರ ಜಿಲ್ಲೆಯ ಹೆರವಾಡ ಗ್ರಾಮಪಂಚಾಯತಿ ಗಂಡ ಸತ್ತ ಹೆಣ್ಣಿನ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಯನ್ನು ನಿಲ್ಲಿಸಬೇಕೆಂದು ಠರಾವು ಮಾಡಿತ್ತು. ಅದೇ ತಿಂಗಳು ಉಳಿದ ಹಳ್ಳಿಗಳೂ ಅದನ್ನು ಅನುಸರಿಸಲಿ ಎಂದು ಮಹಾರಾಷ್ಟ್ರ ಸರಕಾರ ಸುತ್ತೋಲೆ ಹೊರಡಿಸಿತು. ಪತ್ರಿಕೆಯಲ್ಲಿ ಓದಿ ಮೆಚ್ಚಿದ್ದೆ. ಸುತ್ತೋಲೆಗಳನ್ನು ಓದಿ, ನಮೂದಿಸಿ, ಕಡತಕ್ಕೆ ಸೇರಿಸುವುದೇ ನನ್ನ ವೃತ್ತಿ. ಅದನ್ನೂ ಮನಸ್ಸಿನಲ್ಲಿ ಕಡತಕ್ಕೆ ಸೇರಿಸಿಬಿಟ್ಟಿದ್ದೆನೆಂದು ಆ ರಾತ್ರಿ ಗೊತ್ತಾಯಿತು.

2024ರ ಸಂಕ್ರಾಂತಿಗೆ ಹತ್ತು-ಹನ್ನೆರಡು ಹೆಂಗಸರು ಬಂದಿದ್ದರು. ನಮ್ಮ ಕನ್ನಡದವರು ಅರ್ಧ, ಕಟ್ಟಡದ ಮರಾಠಿಯವರು ಅರ್ಧ. ಅವ್ವ ಎಂದಿನಂತೆ ಎದ್ದಳು. ನಾನು ಕೈ ಹಿಡಿದು ಮಣೆಯ ಮೇಲೆ ಕೂಡಿಸಿದೆ. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣಕೊಂಬು, ಎಲೆ-ಅಡಿಕೆ, ಮೇಲೆ ಅಪ್ಪನ ಖಣ. "ಬ್ಯಾಡ, ಮಂದಿ ಮುಂದ ಬ್ಯಾಡ" ಎಂದು ಅವ್ವ ಪಿಸುಗುಟ್ಟಿದಳು. ಕೋಣೆ ಸ್ತಬ್ಧವಾಯಿತು. ಹಿರಿಯರೊಬ್ಬರು ಮೊಬೈಲು ನೋಡಿಕೊಂಡು, ಮನೆಯಲ್ಲಿ ಕಾಯುತ್ತಾರೆಂದು ಎದ್ದು ಹೋದರು. ಕುಂಕುಮ ಹಚ್ಚಿಸಿಕೊಳ್ಳದೆಯೇ ಹೋದರು. ಮೇಲಿನ ಮನೆಯ ವಹಿನಿ ಮಾತ್ರ ಮುಂದೆ ಬಂದು, ಮರಾಠಿಯಲ್ಲಿ "ಅಜ್ಜಿ, ಸೆರಗು ಹಿಡೀರಿ" ಎಂದರು. ಅವ್ವ ಸೆರಗು ಹಿಡಿದಳು; ಬಲಗೈ ಏಳದ್ದರಿಂದ ಒಂದು ತುದಿಯನ್ನು ವಹಿನಿಯೇ ಹಿಡಿದರು. ನಾನು ಉಡಿ ತುಂಬಿದೆ. ಅವ್ವ ಅಳಲಿಲ್ಲ. ಖಣ ಜಾರಿ ಬೀಳದಂತೆ ಎಡಗೈಯಿಂದ ಒತ್ತಿ ಹಿಡಿದಿದ್ದಳು, ಅಷ್ಟೆ.

ಎದ್ದು ಹೋದ ಹಿರಿಯರು ಆಮೇಲೆ ನಮ್ಮ ಮನೆಗೆ ಬಂದಿಲ್ಲ. ಎದುರು ಸಿಕ್ಕರೆ ಮಾತಾಡುತ್ತಾರೆ. ಅವರು ಕೆಟ್ಟವರೆಂದು ನಾನು ಹೇಳಲಾರೆ. ಐದು ವರ್ಷ ನಾನೂ ಅವರ ಸಾಲಿನಲ್ಲೇ ಕೂತಿದ್ದೆನಲ್ಲ.

ಖಣ ಮತ್ತೆರಡು ತಿಂಗಳು ಅವ್ವನ ದಿಂಬಿನ ಕೆಳಗಿತ್ತು. ಯುಗಾದಿಯ ಮುಂಚೆ ಒಂದು ಮಧ್ಯಾಹ್ನ ಆಫೀಸಿನಿಂದ ಬೇಗ ಬಂದಾಗ, ಅವ್ವ ನೆಲದ ಮೇಲೆ ಬಟ್ಟೆ ಹಾಸಿ ಗೇಣು ಹಾಕುತ್ತಿದ್ದಳು. ಕತ್ತರಿ ನಾನೇ ಹಿಡಿದೆ. ಎಲ್ಲಿ ಎಂದು ಅವಳು ಬೆರಳಿಟ್ಟು ತೋರಿಸಿದಳು. ಕಂಕುಳ ಚೂರುಗಳನ್ನು ಕೂಡಿಸುವಾಗ ನನ್ನ ಹೊಲಿಗೆಯನ್ನು ಎರಡು ಸಲ ಬಿಚ್ಚಿಸಿದಳು. ಮುಗಿದಾಗ ಉಳಿದದ್ದು ಒಂದು ಹಿಡಿಯೂ ಆಗದ ಚೂರು.

ಈಗ ಮನೆಯಲ್ಲಿ ಅದನ್ನು ತೊಡುತ್ತಾಳೆ. ವ್ಯಾಯಾಮದಿಂದಲೋ ಏನೋ, ಕೈ ತಲೆಯವರೆಗೆ ಏಳುತ್ತದೆ. ತನ್ನ ಹೆರಳು ತಾನೇ ಹಾಕಿಕೊಳ್ಳುತ್ತಾಳೆ. ಬಾಗಿಲ ಗಂಟೆ ಬಾರಿಸಿದರೆ ಮಾತ್ರ ಸೆರಗನ್ನು ತೋಳಿನ ಮೇಲೆ ಎಳೆದುಕೊಳ್ಳುತ್ತಾಳೆ, ಕೆಂಪಂಚು ಕಾಣದ ಹಾಗೆ. ನಾನು ಏನೂ ಅನ್ನುವುದಿಲ್ಲ. ಊರಿನಲ್ಲಿ ತಮ್ಮನ ಮಗಳ ಲಗ್ನವಿದೆ. ಅವ್ವ ಚೀಲ ತುಂಬಿಟ್ಟಿದ್ದಾಳೆ. ಮೊನ್ನೆ ಇಣುಕಿ ನೋಡಿದೆ: ಮೇಲೆ ಬೂದಿ ಬಣ್ಣದ ಪಾಪ್ಲಿನ್ನು, ಅದರ ಕೆಳಗೆ ಮಡಚಿಟ್ಟ ತೊಟ್ಟಿಲ ಬುಟ್ಟಾದ ಕುಬಸ.